ಬೇಸಿಗೆಯ ರಜೆಯಲ್ಲಿ ವೇಳಾಪಟ್ಟಿ ಯಾರಿಗೆ?

ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಬಾಗಿಲು ಹಾಕಿದ ನಮ್ಮ ಪ್ರಾಥಮಿಕ ಶಾಲೆಗಳು ಮತ್ತೆ ತೆರೆಯುವುದು ಮೇ ತಿಂಗಳು ಮುಗಿಯುವ ಹೊತ್ತಿಗೆ. ನಡುವಣ ಈ ಏಳು ವಾರಗಳ ಕಾಲ ಐದಾರು ವರ್ಷದ ಮಗುವೊಂದು ಮನೆಯಲ್ಲಿ ಏನು ಮಾಡಿಕೊಂಡಿರಬೇಕೆಂಬ ಪ್ರಶ್ನೆ ಒಂದಾನೊಂದು ಕಾಲದಲ್ಲಿ ಯಾರ ನಿದ್ದೆಯನ್ನೂ ಕೆಡಿಸಿದ್ದಂತೆ ತೋರದು. ಈಗಲಾದರೋ ತುಮಕೂರಿನಂತಹ ನಗರದ ಗೃಹಸ್ಥರಿಗೆ ಅದು ಯುಗಾದಿಯ ಹೊತ್ತಿಗೇ ಚಿಂತೆಯಾಗಿ ಅಂಟಿಕೊಳ್ಳುತ್ತದೆ. ಬೆಳಗಿನ ಪತ್ರಿಕೆಯನ್ನು ಬಿಡಿಸಿದರೆ ಅದರ ಮಡಿಕೆಯಿಂದ ಬೇಸಿಗೆ ಶಿಬಿರದ ಕರಪತ್ರಗಳು ಉದುರುತ್ತವೆ. ಅಬಾಕಸ್, ಕರಾಟೆ, ಚದುರಂಗ, ದುಂಡಕ್ಷರ, ವೇದಗಣಿತ, ಚಿತ್ರಕಲೆ, ಇವೆಲ್ಲಕ್ಕೂ ಕಳಶಪ್ರಾಯವಾಗಿ ವ್ಯಕ್ತಿತ್ವ ವಿಕಸನ. ಐದು ವರ್ಷದ ಹಸುಳೆಯ ವ್ಯಕ್ತಿತ್ವವನ್ನು ಎರಡು ವಾರಗಳಲ್ಲಿ ವಿಕಸನಗೊಳಿಸಿ ಹಿಂದಿರುಗಿಸುವೆವೆಂಬ ಆಶ್ವಾಸನೆಯನ್ನು ಓದಿದಾಗ ನಗು ಬರುವುದಾದರೂ, ಅದನ್ನು ಓದಿ ಹಣ ಕಟ್ಟುವ ತಾಯಿತಂದೆಯರ ಮನಸ್ಸಿನ ದುಗುಡ ನಗುವಂಥದಲ್ಲ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಕಾಲವು ಅಮೂಲ್ಯವಾದುದು, ಮಗುವಿನ ಗ್ರಹಣಶಕ್ತಿ ತೀಕ್ಷ್ಣವಾಗಿರತಕ್ಕ ಈ ವಯಸ್ಸಿನಲ್ಲಿ ಒಂದು ಗಂಟೆಯೂ ವ್ಯರ್ಥವಾಗಕೂಡದು, ಆದಕಾರಣ ರಜೆಗೂ ಒಂದು ವೇಳಾಪಟ್ಟಿ ಇರಲೇಬೇಕು ಎನ್ನುವುದು ಒಂದು ಪಕ್ಷ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಿ, ನಾವೇನು ಶಿಬಿರಕ್ಕೆ ಹೋಗಿ ಬೆಳೆದೆವೇ, ಎಂದು ಮೀಸೆ ತಿರುವುವುದು ಇನ್ನೊಂದು. ಮೊದಲನೆಯ ಪಕ್ಷವು ರಜೆಯನ್ನು ಶಾಲೆಯ ಬಾಲವನ್ನಾಗಿ ಮಾಡುತ್ತದೆ. ಎರಡನೆಯದು ಮರೆಯುವ ಸಂಗತಿಯೊಂದಿದೆ. ತಮ್ಮ ಪಾಡಿಗೆ ಬಿಟ್ಟ ಮಕ್ಕಳಿಗೆ ಅಂದು ಸಿಕ್ಕುತ್ತಿದ್ದದ್ದು ಹಿತ್ತಲು, ಕಣ, ಮಾವಿನ ತೋಪು, ಹತ್ತಾರು ಮಂದಿ ಸಮವಯಸ್ಕರು, ಜೊತೆಗೆ ಬೀದಿಯ ಯಾವ ಮನೆಯ ಜಗಲಿಯಲ್ಲಿ ಕುಳಿತಿದ್ದರೂ ಎಲ್ಲ ಮಕ್ಕಳ ಮೇಲೂ ಒಂದು ಕಣ್ಣಿಟ್ಟಿರುತ್ತಿದ್ದ ಹಿರಿಯರು. ಇಂದು ಸಿಕ್ಕುವುದು ಎರಡು ಕೋಣೆಯ ಬಾಡಿಗೆಯ ಮನೆ ಮತ್ತು ಮೊಬೈಲು. ನನ್ನ ಮತದಲ್ಲಿ ಬೇಸಿಗೆಗೆ ಯೋಜನೆ ಅವಶ್ಯವಾಗಿ ಬೇಕು, ವೇಳಾಪಟ್ಟಿಯೂ ಬೇಕು. ಆದರೆ ಆ ವೇಳಾಪಟ್ಟಿಯನ್ನು ಹಾಕತಕ್ಕದ್ದು ಮನೆಯ ಹಿರಿಯರ ದಿನಕ್ಕೆ. ಯಾವ ಹೊತ್ತಿನಲ್ಲಿ ಯಾರು ಮನೆಯಲ್ಲಿರುವರು, ಯಾವ ಕೆಲಸವನ್ನು ಮಗುವಿನ ಕಣ್ಣೆದುರಿಗೆ ಮಾಡುವರು, ಯಾವ ಸಾಮಗ್ರಿ ಮಗುವಿನ ಕೈಗೆಟುಕುವಂತಿರುವುದು, ಯಾವ ಅಪಾಯವನ್ನು ಮೊದಲೇ ನಿವಾರಿಸಿಡಬೇಕು ಎಂಬಿವನ್ನು ಕಟ್ಟುನಿಟ್ಟಾಗಿ ನಿರ್ಧರಿಸಿದ ಮನೆಯಲ್ಲಿ ಮಾತ್ರ ಮಗುವಿನ ದಿನವನ್ನು ಸಡಿಲವಾಗಿ ಬಿಡುವುದಕ್ಕೆ ಸಾಧ್ಯ.

ಶಿಬಿರಗಳನ್ನು ನಾನು ಹಳಿಯುವವನಲ್ಲ. ಶಿಸ್ತು ಮಕ್ಕಳ ಪ್ರತಿಭೆಯನ್ನು ಕೊಲ್ಲುವುದೆಂದು ಸಾರಾಸಗಟಾಗಿ ಹೇಳುವವರು ತುಮಕೂರಿನಿಂದ ಹದಿನೆಂಟು ಇಪ್ಪತ್ತು ಕಿಲೋಮೀಟರಿನಾಚೆ ಇರುವ ಗುಬ್ಬಿಯ ಇತಿಹಾಸವನ್ನು ನೋಡಬೇಕು. 1884ರಲ್ಲಿ ಆ ಪುಟ್ಟ ಊರಿನಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನ ದೊಡ್ಡ ನಾಟಕ ಸಂಸ್ಥೆಯಾಗಿ ಬೆಳೆದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ಎಷ್ಟೋ ಮಂದಿ ಬಾಲಕರನ್ನು ತನ್ನ ಬಿಡಾರದಲ್ಲಿ ಸಾಕಿ ಕಲಾವಿದರನ್ನಾಗಿ ಮಾಡಿತು. ವೀರಣ್ಣನವರು ತಾವೇ ಎಳವೆಯಲ್ಲಿ ಕಂಪನಿಯನ್ನು ಸೇರಿದವರು. ಡಾ. ರಾಜ್‌ಕುಮಾರ್ ಅವರು ತಂದೆ ಪುಟ್ಟಸ್ವಾಮಯ್ಯನವರ ಬೆನ್ನಿಗೆ ಅಲ್ಲಿಗೆ ಬಂದವರು, ಬಿ. ವಿ. ಕಾರಂತರಂತೂ ಹುಡುಗನಾಗಿದ್ದಾಗ ಮನೆಬಿಟ್ಟು ಓಡಿಬಂದು ಆ ಕಂಪನಿಯ ಆಶ್ರಯ ಪಡೆದವರು. ಅಲ್ಲಿ ಕಟ್ಟುಪಾಡು ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಆ ಕಟ್ಟುಪಾಡು ನಾಟಕದ್ದಾಗಿತ್ತು. ಹಿರಿಯರೇ ಅದಕ್ಕೆ ಮೊದಲು ತಲೆಬಾಗಿದ್ದರು. ಪರದೆಯನ್ನು ಏರಿಸಬೇಕಾದ ಹೊತ್ತಿಗೆ ಏರಿಸಬೇಕು, ಶ್ರುತಿ ಹಿಡಿಯಬೇಕಾದಲ್ಲಿ ಹಿಡಿಯಬೇಕು. ಬಾಲಕನು ಪಕ್ಕದ ಪರದೆಯ ಮರೆಯಲ್ಲಿ ನಿಂತು ದೊಡ್ಡವರ ದುಡಿಮೆಯನ್ನು ನೋಡುನೋಡುತ್ತಲೇ ಅದರೊಳಗೆ ಒಂದು ಹೆಜ್ಜೆ ಇಡುತ್ತಿದ್ದನು. ಮಗುವಿಗಾಗಿಯೇ ಪ್ರತ್ಯೇಕವಾಗಿ ಹೊಸೆದ ಪಾಠಕ್ಕೂ, ಪ್ರೌಢರು ಶ್ರದ್ಧೆಯಿಂದ ಮಾಡುತ್ತಿರುವ ನಿಜವಾದ ಕೆಲಸವೊಂದರ ಅಂಚಿನಲ್ಲಿ ಮಗುವಿಗೆ ತಾನಾಗಿ ದೊರೆಯುವ ಎಡೆಗೂ ಇರುವ ಅಂತರ ಇದು.

ಆ ಕಾರಂತರೇ ಮುಂದೆ ಮಕ್ಕಳ ರಂಗಭೂಮಿಗೆ ಕೊಟ್ಟ ನಾಟಕಗಳಲ್ಲಿ 'ಪಂಜರಶಾಲೆ' ಎಂಬುದೊಂದು. ರವೀಂದ್ರನಾಥ ಠಾಕೂರರ ಗಿಳಿಯ ಕಥೆ ಅದಕ್ಕೆ ಮೂಲ. ಹಾಡಿಕೊಂಡು ಹಾರಿಕೊಂಡಿದ್ದ ಹಕ್ಕಿಯೊಂದಕ್ಕೆ ವಿದ್ಯೆ ಕಲಿಸಬೇಕೆಂದು ಅರಸನ ಅಪ್ಪಣೆಯಾಗುತ್ತದೆ. ಪಂಡಿತರು ಬರುತ್ತಾರೆ, ಬಂಗಾರದ ಪಂಜರ ಸಿದ್ಧವಾಗುತ್ತದೆ, ಪುಸ್ತಕಗಳ ರಾಶಿ ಬೀಳುತ್ತದೆ, ಕೆಲಸಗಾರರಿಗೆಲ್ಲ ಸಂಬಳ ಸಂಭಾವನೆ ಸಲ್ಲುತ್ತದೆ. ಕಡೆಗೆ ಹಕ್ಕಿಯೊಂದು ಮಾತ್ರ ಸತ್ತುಹೋಗುತ್ತದೆ. ಸ್ವತಃ ಕಂಪನಿಯ ಕಠಿನ ಶಿಸ್ತಿನಲ್ಲಿ ಬೆಳೆದವರೊಬ್ಬರು ಈ ಕಥೆಯನ್ನೇ ಮಕ್ಕಳ ಕೈಯಲ್ಲಿ ಆಡಿಸಿದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಹಾಗೆಂದು ಕರಪತ್ರಗಳಲ್ಲಿ ಕಾಣುವ ಶಿಬಿರಗಳೆಲ್ಲ ಪಂಜರಗಳೆಂದರೆ ಅನ್ಯಾಯವಾದೀತು. ರಂಗಕರ್ಮಿಗಳು ನಡೆಸುವ ಶಿಬಿರಗಳಿಂದ ಕೊರಳು ಬಿಡಿಸಿಕೊಂಡು, ನಾಚಿಕೆ ಕಳೆದುಕೊಂಡು ಬಂದ ಮಕ್ಕಳನ್ನು ನಾನೂ ನೋಡಿದ್ದೇನೆ. ಹತ್ತು ವರ್ಷದ ಹುಡುಗನಿಗೆ ಅದು ಒಳ್ಳೆಯದು. ಐದು ವರ್ಷದ ಮಗುವಿಗೆ ಅದಕ್ಕಿಂತ ಹತ್ತಿರದ ಶಿಬಿರವೊಂದು ಮನೆಯಲ್ಲಿಯೇ ಉಂಟೆಂಬುದಷ್ಟೇ ನನ್ನ ವಾದ.

ಮನೆಯ ಬೇಸಿಗೆಗೆ ಚೌಕಟ್ಟು ಎಲ್ಲಿಂದ ಬರಬೇಕು? ಗಡಿಯಾರದಿಂದ ತರುವುದು ಸುಲಭ. ಆದರೆ ಗಡಿಯಾರದ ಭಾಷೆ ಈ ವಯಸ್ಸಿನ ಮಗುವಿಗೆ ಅರ್ಥವಾಗುವುದಿಲ್ಲ. ನಮ್ಮ ರೈತರಲ್ಲಿ ಮಳೆಯ ನಕ್ಷತ್ರಗಳ ಲೆಕ್ಕವೊಂದು ಇದೆ. ಅಶ್ವಿನಿ ಹುಟ್ಟುವುದು ಏಪ್ರಿಲ್ 14ರ ಆಸುಪಾಸಿನಲ್ಲಿ. ಆ ತಿಂಗಳ ಕೊನೆಯ ವಾರದಲ್ಲಿ ಭರಣಿ. ಮೇ 11ರ ಸುಮಾರಿಗೆ ಕೃತ್ತಿಕೆ. 25ರ ಸುಮಾರಿಗೆ ರೋಹಿಣಿ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಶಾಲೆ ಮುಚ್ಚಿದ ಮೂರು ನಾಲ್ಕು ದಿನಕ್ಕೆ ಅಶ್ವಿನಿ ಮೊದಲಾಗುತ್ತದೆ, ರೋಹಿಣಿ ಕಾಲಿಟ್ಟ ಕೆಲವೇ ದಿನಗಳಲ್ಲಿ ಶಾಲೆಯ ಗಂಟೆ ಬಾರಿಸುತ್ತದೆ. ಬೇಸಿಗೆಯ ರಜೆಯೆಲ್ಲವೂ ಈ ನಾಲ್ಕು ಹೆಸರುಗಳೊಳಗೆ ಅಡಗಿದೆಯೆಂದು ಹೇಳಬಹುದು. ಗೋಡೆಯ ಪಂಚಾಂಗದಲ್ಲಿ ಮಳೆ ಹುಟ್ಟುವ ದಿನವನ್ನು ತೋರಿಸಿ, ಈ ಮಳೆ ಬಂದಿತೋ ಇಲ್ಲವೋ ನೀನೇ ನೋಡಿ ಹೇಳೆಂದರೆ, ಮಗುವಿಗೆ ಏಳು ವಾರಗಳ ದೀರ್ಘಕಾಲವು ನಾಲ್ಕು ನಿರೀಕ್ಷೆಗಳಾಗಿ ಒಡೆದುಕೊಳ್ಳುತ್ತದೆ. ಬಾರದ ಮಳೆಯನ್ನು ಕಾಯುವುದೂ ಬಯಲುಸೀಮೆಯ ತುಮಕೂರು ಜಿಲ್ಲೆಯ ಮಗುವು ಕಲಿಯಬೇಕಾದ ವಿದ್ಯೆಯೇ ಸರಿ.

ದಿನದ ಚೌಕಟ್ಟನ್ನಾದರೋ ಬಿಸಿಲೇ ಹಾಕಿಕೊಡುತ್ತದೆ. ಹತ್ತು ಹತ್ತೂವರೆಯವರೆಗೆ ಹೊರಗೆ, ಅಲ್ಲಿಂದ ನಾಲ್ಕರವರೆಗೆ ನೆರಳಿನಲ್ಲಿ, ಮತ್ತೆ ದೀಪ ಹೊತ್ತಿಸುವತನಕ ಹೊರಗೆ. ಊಟ, ಮಧ್ಯಾಹ್ನದ ನಿದ್ದೆ ಅಥವಾ ಸುಮ್ಮನೆ ಮಲಗಿಕೊಂಡಿರುವ ಹೊತ್ತು, ರಾತ್ರಿಯ ಕಥೆ ಎಂಬ ಮೂರನ್ನು ಅಲುಗಾಡಿಸದೆ ಇಟ್ಟರೆ ಸಾಕು. ಉಳಿದದ್ದಕ್ಕೆ ನಿಯಮ ಬೇಡ. ಚೌಕಾಬಾರದ ಪಟದಲ್ಲಿ ಗೀಟು ಹಾಕಿದ ಮನೆಗಳು ಇದ್ದಲ್ಲಿಯೇ ಇರುತ್ತವೆ, ಕಾಯಿ ಎಷ್ಟು ಹೆಜ್ಜೆ ನಡೆಯಬೇಕೆಂಬುದು ಮಾತ್ರ ಕವಡೆಯ ಕೈಯಲ್ಲಿರುತ್ತದೆ. ಮಗುವಿನ ದಿನದಲ್ಲಿಯೂ ಅಷ್ಟು ಸ್ಥಿರತೆ, ಅಷ್ಟು ಅನಿಶ್ಚಯ ಇದ್ದರೆ ಹಿತ. ಈ ಮೂರು ನಿಯಮಗಳನ್ನು ಮುರಿಯುವವರು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರೇ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ರಾತ್ರಿ ಹನ್ನೊಂದರವರೆಗೆ ಟೀವಿ ನೋಡುವ ಮನೆಯಲ್ಲಿ ಮಗು ಒಂಬತ್ತಕ್ಕೆ ಮಲಗಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಇನ್ನು ಬಿಸಿಲೇರಿದ ಮೇಲಿನ ಆ ಐದಾರು ಗಂಟೆಗಳ ಮಾತು. ಪ್ರಶ್ನೆಯ ತಿರುಳೆಲ್ಲ ಅಲ್ಲಿದೆ, ಮನೆಯ ಸಂಪತ್ತೂ ಅಲ್ಲಿಯೇ ಇದೆ. ನಮ್ಮ ಸೀಮೆಯಲ್ಲಿ ಬೇಸಿಗೆಯೆಂದರೆ ವರ್ಷದ ಸಂಗ್ರಹದ ಕಾಲ. ಹುಣಸೆಹಣ್ಣಿಗೆ ತುಮಕೂರಿನ ಮಾರುಕಟ್ಟೆ ಹೆಸರಾದುದು. ಬೇಸಿಗೆ ಬಂತೆಂದರೆ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಹೊಸ ಹುಣಸೆಹಣ್ಣು ಹರವಿಕೊಂಡು ಬೀಜ ಬಿಡಿಸುವ, ನಾರು ತೆಗೆಯುವ, ಉಪ್ಪು ಬೆರೆಸಿ ಉಂಡೆ ಕಟ್ಟಿ ಜಾಡಿಗೆ ತುಂಬುವ ಕೆಲಸ ನಡೆಯುತ್ತದೆ. ಈ ಕೆಲಸದಲ್ಲಿ ದೊಡ್ಡವರಿಗೆ ಬೇಕಾದದ್ದು ಹಣ್ಣು. ಎಸೆಯತಕ್ಕ ಬೀಜವೆಲ್ಲ ಮಗುವಿನ ಪಾಲಿನ ಐಶ್ವರ್ಯ. ಅಳಗುಳಿಮಣೆಯ ಎರಡು ಸಾಲಿನ ಏಳೇಳು ಗುಳಿಗಳಿಗೆ ತುಂಬುವುದು ಅದೇ ಬೀಜವನ್ನು. ಕವಡೆಯಿಲ್ಲದ ಮನೆಯಲ್ಲಿ ಕಲ್ಲಿಗೆ ಉಜ್ಜಿ ಒಂದು ಮಗ್ಗುಲನ್ನು ಬಿಳಿಮಾಡಿ ಚೌಕಾಬಾರಕ್ಕೆ ಎಸೆಯುವುದೂ ಅದನ್ನೇ. ತನ್ನ ಆಟದ ಸಾಮಾನನ್ನು ತಾನೇ ಉಜ್ಜಿ ಮಾಡಿಕೊಂಡ ಮಗುವಿಗೆ ಅಂಗಡಿಯ ಪ್ಲಾಸ್ಟಿಕ್ ದಾಳಕ್ಕಿಂತ ಆ ಬೀಜದ ಮೇಲೆ ಹೆಚ್ಚು ಮಮತೆ ಹುಟ್ಟಿದರೆ ಆಶ್ಚರ್ಯವಿಲ್ಲ.

ಸಂಡಿಗೆಯ ಕಾರ್ಯವಂತೂ ಮಗುವಿಗಾಗಿಯೇ ವಿಧಿಸಿದ ಉತ್ಸವದಂತೆ ಇರುತ್ತದೆ. ಬಿಸಿಲು ಸಂಪೂರ್ಣವಾಗಿ ದಕ್ಕಬೇಕಾದುದರಿಂದ ಹಿಟ್ಟು ಬೇಯುವುದು ನಸುಕಿನಲ್ಲಿ. ಅಂದು ಯಾರೂ ಕರೆಯದೆ ಮಗುವಿಗೆ ಎಚ್ಚರವಾಗುತ್ತದೆ, ಏಕೆಂದರೆ ಬಿಸಿ ಹಿಟ್ಟಿನ ಮೊದಲ ತುತ್ತು ಎದ್ದವರಿಗೆ ಮಾತ್ರ. ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಒರಳಿನಿಂದ ಒತ್ತುವಾಗ ಅಂಚಿನ ಒಂದು ಮೂಲೆಯನ್ನು ಮಗುವಿಗೆ ಬಿಟ್ಟುಕೊಡಬೇಕು. ಅಲ್ಲಿ ಸಂಡಿಗೆ ಯಾವ ಆಕಾರ ತಾಳಿದರೂ ಅದನ್ನು ತಿದ್ದಕೂಡದು. ಆಮೇಲೆ ಕಡ್ಡಿ ಹಿಡಿದು ನೆರಳಿನಲ್ಲಿ ಕುಳಿತು ಕಾಗೆ ಓಡಿಸುವ ಅಧಿಕಾರ. ಈ ಅಧಿಕಾರ ತಮಾಷೆಗೆ ಕೊಟ್ಟದ್ದಾಗಿದ್ದರೆ ಮಗುವಿಗೆ ಅದು ತಕ್ಷಣ ಗೊತ್ತಾಗುತ್ತದೆ. ಕಾಗೆ ನಿಜವಾಗಿಯೂ ಬರುವುದರಿಂದಲೂ, ಸಂಡಿಗೆ ನಿಜವಾಗಿಯೂ ಹೋಗುವುದರಿಂದಲೂ, ಮಳೆಗಾಲದ ಊಟದಲ್ಲಿ ಅದನ್ನು ಕರಿದು ಬಡಿಸಿದಾಗ ಇದು ನೀನು ಕಾದದ್ದೆಂದು ಅಜ್ಜಿ ಹೇಳಬಹುದಾದುದರಿಂದಲೂ ಈ ಕೆಲಸಕ್ಕೆ ಘನತೆ ಒದಗುತ್ತದೆ. ಪೇಟೆಯಲ್ಲಿ ಸಂಡಿಗೆ ಕೊಳ್ಳುವುದು ಅಗ್ಗವೆಂಬ ಮಾತನ್ನು ನಾನು ಒಪ್ಪುತ್ತೇನೆ. ಮಗುವಿರುವ ಮನೆಯಲ್ಲಿ ವರ್ಷಕ್ಕೊಂದು ಸಲವಾದರೂ ಅಗ್ಗವಲ್ಲದ ರೀತಿಯಲ್ಲಿ ಅದನ್ನು ಮಾಡುವುದು ಸಾರ್ಥಕ.

ಹಲಸಿನ ಹಣ್ಣಿನ ವಿಷಯವನ್ನು ಬಿಟ್ಟರೆ ಗುಬ್ಬಿ ತಾಲ್ಲೂಕಿನವರು ನನ್ನನ್ನು ಕ್ಷಮಿಸಲಾರರು. ಚೇಳೂರಿನ ಹಲಸಿಗೆ ಹಿಂದಿನಿಂದಲೂ ಖ್ಯಾತಿಯುಂಟು. ಅಲ್ಲಿನ ತೋಟವೊಂದರ ಮರದಲ್ಲಿ ತಾಮ್ರಗೆಂಪು ಬಣ್ಣದ ತೊಳೆಯನ್ನು ಗುರುತಿಸಿ, ತುಮಕೂರಿನ ಸಮೀಪದ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಅದನ್ನು 'ಸಿದ್ದು' ಎಂಬ ತಳಿಯಾಗಿ ಪ್ರಚುರಪಡಿಸಿದ ಮೇಲಂತೂ ಅದರ ಹೆಸರು ರಾಜ್ಯದ ಹೊರಗೂ ಹೋಗಿದೆ. ಆದರೆ ನನ್ನ ಪ್ರಸ್ತಾಪಕ್ಕೆ ತಳಿ ಯಾವುದಾದರೂ ಆದೀತು. ಒಂದು ಇಡೀ ಹಣ್ಣನ್ನು ಮನೆಗೆ ತಂದು, ಅದು ಹಣ್ಣಾಗುವವರೆಗೆ ಮೂಲೆಯಲ್ಲಿ ಇಟ್ಟು, ದಿನವೂ ತಟ್ಟಿ ಶಬ್ದ ಕೇಳಿ ಮೂಸಿ ನೋಡುವ ಭಾರವನ್ನು ಮಗುವಿಗೆ ಒಪ್ಪಿಸಬೇಕು. ಬಿಡಿಸುವ ದಿನ ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುವುದು, ಮೇಣವನ್ನು ಕಡ್ಡಿಗೆ ಸುತ್ತಿ ತೆಗೆಯುವುದು, ತೊಳೆಗಳನ್ನು ನೆರೆಮನೆಗಳಿಗೆ ಹಂಚುವುದಕ್ಕಾಗಿ ಬಟ್ಟಲುಗಳಲ್ಲಿ ಪಾಲು ಮಾಡುವುದು, ಬೀಜವನ್ನು ಒಣಗಿಸಿ ಸಾರಿಗೆ ಕೆಲವು, ಕೆಂಡದಲ್ಲಿ ಸುಡುವುದಕ್ಕೆ ಕೆಲವು, ಹಿತ್ತಲಲ್ಲಿ ಹೂಳುವುದಕ್ಕೆ ಒಂದೆರಡು ಎಂದು ಬೇರೆಯಿಡುವುದು, ಇಷ್ಟರಲ್ಲಿ ಒಂದು ಮಧ್ಯಾಹ್ನ ಹೋಗಿ ಇನ್ನೊಂದು ಮಧ್ಯಾಹ್ನಕ್ಕೂ ಕೆಲಸ ಉಳಿಯುತ್ತದೆ. ಇದರಲ್ಲಿ ಗಣಿತವಿದೆ, ಸಸ್ಯಶಾಸ್ತ್ರವಿದೆ, ನೆರೆಹೊರೆಯ ಮರ್ಯಾದೆಯಿದೆ ಎಂದು ನಾನು ಎಣಿಸಿ ತೋರಿಸಬಹುದು. ಆದರೆ ಅದನ್ನು ಮಗುವಿನೆದುರು ಎಣಿಸಿ ತೋರಿಸುವ ಚಾಳಿ ಅನರ್ಥಕಾರಿ. ಹಣ್ಣಿನ ಕಂಪು ಮೂಗಿಗೆ ತಟ್ಟುವ ಮೊದಲೇ 'ಎಷ್ಟು ತೊಳೆ ಇದೆ, ಎಣಿಸು ನೋಡೋಣ' ಎಂದು ಪರೀಕ್ಷಕನಂತೆ ನಿಲ್ಲುವ ತಂದೆ ಮನೆಯಲ್ಲಿಯೇ ಶಿಬಿರ ತೆರೆದಂತಾಯಿತು. ಮಗು ತಾನಾಗಿ ಎಣಿಸುವುದು ಅಣ್ಣನಿಗೆ ಒಂದು ತೊಳೆ ಹೆಚ್ಚು ಹೋಯಿತೆಂಬ ಸಂಶಯ ಬಂದಾಗ. ಆ ಎಣಿಕೆಯಲ್ಲಿ ತಪ್ಪಾಗುವುದು ಅಪರೂಪ.

ಆದರೂ ಒಂದು ಹೊತ್ತು ಬಂದೇ ಬರುತ್ತದೆ. ಹುಣಸೆಬೀಜ ಸಾಕಾಗಿರುತ್ತದೆ, ಅಡಿಕೆ ಹಾಳೆಯ ಬಂಡಿ ಹರಿದಿರುತ್ತದೆ, ತೆಂಗಿನ ಗರಿಯ ಪೀಪಿ ಬಾಡಿ ಸ್ವರ ನಿಂತಿರುತ್ತದೆ. 'ಅಮ್ಮಾ, ಬೇಜಾರು, ಏನ್ ಮಾಡ್ಲಿ?' ಎಂಬ ರಾಗ ಎಳೆಯಲು ಮೊದಲಾಗುತ್ತದೆ. ಬೇಸಿಗೆಯ ಭವಿಷ್ಯ ನಿಶ್ಚಯವಾಗುವುದು ಈ ಗಳಿಗೆಯಲ್ಲಿ ಎಂದರೂ ತಪ್ಪಲ್ಲ. ತಾಯಿ ತಕ್ಷಣ ಮೊಬೈಲನ್ನು ಕೈಗಿತ್ತರೆ ಬೇಜಾರು ನಿಂತುಹೋಗುತ್ತದೆ. ಹೊಸದೊಂದು ಆಟವನ್ನು ಹೂಡಿ ಆಡಿಸಿದರೂ ನಿಲ್ಲುತ್ತದೆ. ಎರಡರಿಂದಲೂ ಮಗುವಿಗೆ ತಿಳಿಯುವುದು ಒಂದೇ ಸಂಗತಿ: ತನ್ನ ಬೇಜಾರನ್ನು ಕಳೆಯುವುದು ಇತರರ ಹೊಣೆ. ಹಾಗಲ್ಲದೆ, 'ಬೇಜಾರಾದ್ರೆ ಇಲ್ಲೇ ಬಂದು ಕೂತ್ಕೊ ಮರಿ, ಅವರೆಕಾಳು ಆರಿಸ್ತಿದೀನಿ' ಎಂದು ಅಜ್ಜಿ ಹೇಳಿ ತನ್ನ ಕೆಲಸದಲ್ಲಿ ತೊಡಗಿದರೆ, ಮಗು ಸ್ವಲ್ಪ ಹೊತ್ತು ಕೂರುತ್ತದೆ, ಸ್ವಲ್ಪ ಹೊತ್ತು ಉರುಳುತ್ತದೆ, ಅಜ್ಜಿಯ ಸೆರಗನ್ನು ಎಳೆಯುತ್ತದೆ, ಕಡೆಗೆ ಮೊರದ ಅಂಚಿನ ಕಲ್ಲುಗಳನ್ನು ಆರಿಸಿ ಮನೆ ಕಟ್ಟತೊಡಗುತ್ತದೆ. ಆ ಮನೆಯಲ್ಲಿ ಯಾರಿದ್ದಾರೆಂದು ಕೇಳಬಾರದು. ಹೇಳಬೇಕೆನಿಸಿದರೆ ಅದೇ ಹೇಳುತ್ತದೆ. ಬೇಸರದ ಆ ಹತ್ತು ಹದಿನೈದು ನಿಮಿಷವನ್ನು ಸಹಿಸುವುದು ಮಗುವಿಗಿಂತ ಹಿರಿಯರಿಗೆ ಕಷ್ಟ. ನಾವು ಶಿಬಿರಕ್ಕೆ ಕಟ್ಟುವ ಹಣದಲ್ಲಿ ಒಂದು ಭಾಗ ಮಗುವಿನ ಕಲಿಕೆಗಾದರೆ ಇನ್ನೊಂದು ಭಾಗ ಈ ರಾಗವನ್ನು ಕೇಳದೆ ಇರುವ ಸುಖಕ್ಕಾಗಿ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಮೊಬೈಲಿನ ವಿಚಾರದಲ್ಲಿ ಹೆಚ್ಚು ಹೇಳುವುದಕ್ಕೆ ಇಲ್ಲ. ಮೂರು ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆಯನ್ನು ಮೀರಕೂಡದು, ಓಡಾಟ ಚಟುವಟಿಕೆ ಮೂರು ಗಂಟೆಗೆ ಕಡಿಮೆಯಾಗಕೂಡದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಸೂಚನೆ ಸರಿಯಾದುದೇ. ಪಾಲಿಸುವುದಕ್ಕೆ ಇರುವ ಉಪಾಯ ಒಂದೇ, ಹಿರಿಯರು ತಮ್ಮ ಮೊಬೈಲುಗಳನ್ನು ಮಧ್ಯಾಹ್ನದ ಹೊತ್ತು ಕಪಾಟಿನ ಮೇಲಿಡುವುದು.

ಶಾಲೆಯಲ್ಲಿ ಕಲಿತದ್ದು ಮರೆತುಹೋಗುವುದಲ್ಲವೇ ಎಂಬ ಆಕ್ಷೇಪಕ್ಕೆ ಸ್ವಲ್ಪ ಬೆಲೆ ಕೊಡಬೇಕು. ಓದಲು ಆಗತಾನೆ ಕಲಿತ ಮಗು ಏಳು ವಾರ ಅಕ್ಷರವನ್ನೇ ನೋಡದಿದ್ದರೆ ನಾಲಗೆ ತೊಡರುವುದು ಸಹಜ. ಆದರೆ ಇದಕ್ಕೆ ಪರಿಹಾರ ಕಾಪಿ ಪುಸ್ತಕವಲ್ಲ. ರಾತ್ರಿಯ ಕಥೆಯನ್ನು ಪುಸ್ತಕದಿಂದ ಓದಿದರೆ, ಅಂಗಡಿಯ ಚೀಟಿಯನ್ನು ಮಗುವಿನ ಕೈಲಿ ಬರೆಸಿದರೆ, ಬಸ್ಸಿನ ಹಣೆಯ ಮೇಲಿನ ಊರಿನ ಹೆಸರನ್ನು ಅದು ಓದಿದ ಮೇಲೆಯೇ ಹತ್ತುವುದೆಂದು ಇಟ್ಟುಕೊಂಡರೆ ಅಕ್ಷರದ ನಂಟು ಹರಿಯುವುದಿಲ್ಲ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ನಡೆಯುತ್ತಿವೆ. 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ ಶಾಲಾ ಮಕ್ಕಳಿಗೆ ಅವುಗಳ ಸದಸ್ಯತ್ವ ಉಚಿತವಾಯಿತು. ಅಕ್ಕನ ಹೆಸರಿನ ಕಾರ್ಡಿನಲ್ಲಿ ತಮ್ಮನಿಗೂ ಒಂದು ಚಿತ್ರದ ಪುಸ್ತಕ ಬಂದೀತು.

ಪ್ರವಾಸಗಳ ಪಟ್ಟಿಯನ್ನು ಉದ್ದವಾಗಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಮಗುವಿಗೆ ಒಂದೇ ಸ್ಥಳವನ್ನು ಮತ್ತೆ ಮತ್ತೆ ನೋಡುವುದು ಇಷ್ಟ, ಹೊಸ ಹೊಸ ಸ್ಥಳ ಬೇಕೆನ್ನುವುದು ನಮ್ಮ ಚಾಪಲ್ಯ. ತುಮಕೂರಿನವರಿಗೆ ದೇವರಾಯನದುರ್ಗವೊಂದು ಸಾಕು. ಅದೇ ಗುಡ್ಡಗಳ ಸಾಲಿನಲ್ಲಿ ಹುಟ್ಟಿ ಶಿಂಷೆ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ, ಜಯಮಂಗಲಿ ಉತ್ತರಕ್ಕೆ ಹೋಗಿ ಪಿನಾಕಿನಿಯನ್ನು ಕೂಡುತ್ತದೆ; ಬೆಟ್ಟದ ಬುಡದ ನಾಮದ ಚಿಲುಮೆಯಲ್ಲಿ ಕಲ್ಲಿನ ಕುಳಿಯೊಳಗಿಂದ ನೀರು ಒಸರುವುದನ್ನು ಬಗ್ಗಿ ನೋಡುತ್ತಾ ಮಗುವೊಂದು ಎಷ್ಟು ಹೊತ್ತು ಬೇಕಾದರೂ ಕಳೆದೀತು. ಕುಣಿಗಲಿನವರಿಗೆ ಜನಪದ ಗೀತೆಯಲ್ಲಿ ಅಮರವಾದ ತಮ್ಮ ಕೆರೆಯ ಏರಿಯಿದೆ. ಟಿಪ್ಪು ಸುಲ್ತಾನನ ಕಾಲದಿಂದ ಹೆಸರು ಪಡೆದ ಕುದುರೆಯ ಫಾರಂ ಊರ ಪಕ್ಕದಲ್ಲಿಯೇ ಇದೆ. 2017ರಲ್ಲಿ ತೆರೆದ ಬೆಂಗಳೂರು ಹಾಸನ ಮಾರ್ಗದ ರೈಲು ಊರಿಗೇ ಬಂದು ನಿಲ್ಲುತ್ತದೆ. ರೈಲು ಬರುವ ಹೊತ್ತಿಗೆ ನಿಲ್ದಾಣಕ್ಕೆ ಹೋಗಿ, ನೋಡಿ, ಹತ್ತದೆ ಹಿಂದಿರುಗುವುದನ್ನು ದೊಡ್ಡವರು ಪ್ರವಾಸವೆಂದು ಲೆಕ್ಕಹಾಕರು, ಮಗು ಹಾಕುತ್ತದೆ. ಅದೇ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನೀರು ಒಂದು ಮಟ್ಟವನ್ನು ಮೀರಿದೊಡನೆ ಯಾರೂ ಬಾಗಿಲು ತೆರೆಯದೆ ತಾನೇ ಹೊರಕ್ಕೆ ಹರಿಯುವ ಸೈಫನ್ ವ್ಯವಸ್ಥೆಯಿದೆ. ಎರಡು ಬಕೆಟ್ಟು, ಒಂದು ಮಾರುದ್ದದ ರಬ್ಬರು ಕೊಳವೆ ಇದ್ದರೆ ಅದರ ತತ್ತ್ವವನ್ನು ಬಚ್ಚಲಲ್ಲಿ ಆಡಿ ನೋಡಬಹುದು. ನೀರಿನ ಅಭಾವವಿರುವ ಬೇಸಿಗೆಯಲ್ಲಿ ಅದೇ ನೀರನ್ನು ಸಂಜೆ ಗಿಡಕ್ಕೆ ಹಾಕುವುದೆಂಬ ಒಪ್ಪಂದ ಮಾತ್ರ ಮೊದಲೇ ಆಗಿರಲಿ.

ನೀರಿನ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ರಜೆಯ ದಿನಗಳಲ್ಲಿ ಮಕ್ಕಳು ಕೆರೆಕಟ್ಟೆಯಲ್ಲಿ, ತೋಟದ ಕೃಷಿ ಹೊಂಡದಲ್ಲಿ, ಕಲ್ಲುಗಣಿಯ ಗುಂಡಿಯಲ್ಲಿ ಮುಳುಗಿದ ವಾರ್ತೆಯನ್ನು ಓದದ ಬೇಸಿಗೆಯೇ ಇಲ್ಲ. ಪ್ಲಾಸ್ಟಿಕ್ ಹಾಸಿದ ಹೊಂಡದ ಜಾರುವ ಗೋಡೆಯನ್ನು ಹತ್ತಿ ಬರುವುದು ಈಜು ಬಲ್ಲ ದೊಡ್ಡವರಿಗೂ ಕಷ್ಟ. ಮಗುವಿನ ದಿನ ಸಡಿಲವಾಗಿರಲೆಂದು ವಾದಿಸುವವನು ಬೇಲಿಯ ವಿಷಯದಲ್ಲಿ ಸಡಿಲನಾಗಿರಕೂಡದು. ತೋಟದ ಅಜ್ಜನ ಮನೆಗೆ ಮಗುವನ್ನು ಕಳುಹಿಸುವುದಕ್ಕೆ ಮೊದಲು ಹೊಂಡಕ್ಕೆ ಬೇಲಿಯಿದೆಯೇ, ಬಾವಿಗೆ ಕಟ್ಟೆಯಿದೆಯೇ, ನೀರಿನ ತೊಟ್ಟಿಗೆ ಮುಚ್ಚಳವಿದೆಯೇ ಎಂದು ಕೇಳುವುದು ಅವಿಶ್ವಾಸದ ಲಕ್ಷಣವಲ್ಲ. ಹಿರಿಯರ ವೇಳಾಪಟ್ಟಿಯ ಮೊದಲ ಸಾಲು ಇದೇ ಆಗಿರಬೇಕು.

ಇಲ್ಲಿಯವರೆಗೆ ಅಜ್ಜಿಯೂ ಅಮ್ಮನೂ ಮನೆಯಲ್ಲಿ ಇದ್ದಾರೆಂದು ಊಹಿಸಿಕೊಂಡೇ ಬರೆಯುತ್ತಾ ಬಂದಿದ್ದೇನೆ. ಈ ಊಹೆಯೇ ಇಂತಹ ಲೇಖನಗಳ ದೊಡ್ಡ ದೋಷ. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವ ತುಮಕೂರಿನವರು ಸಾವಿರಾರು ಮಂದಿ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಪಾಳಿಯಲ್ಲಿ ದುಡಿಯುವ ದಂಪತಿಗಳಿದ್ದಾರೆ. ಅಡಿಕೆ ಸುಲಿಯುವ, ಕೂಲಿಗೆ ಹುಣಸೆಹಣ್ಣು ಬಿಡಿಸುವ ಹೆಣ್ಣುಮಕ್ಕಳಿಗೆ ಬೇಸಿಗೆಯೇ ದುಡಿಮೆಯ ಕಾಲ. ನಾನು ಮೇಲೆ ಐಶ್ವರ್ಯವೆಂದು ವರ್ಣಿಸಿದ ಹುಣಸೆಯ ರಾಶಿ ಅವರ ಮಗುವಿಗೆ ತಾಯಿಯ ಬೆರಳಿನ ಗಾಯವಾಗಿಯೂ ಕಂಡೀತು. ಎರಡೂ ಕಡೆಯ ಅಜ್ಜಿಯರು ಊರಿನಲ್ಲಿ ಇರುವ ಮನೆಯಲ್ಲಿಯೂ ಬೇಸಿಗೆಯ ಭಾರವೆಲ್ಲ ಒಬ್ಬ ಹೆಂಗಸಿನ ಮೇಲೆ ಬೀಳುವುದೇ ರೂಢಿ. ಮಗುವಿನ ಸ್ವಾತಂತ್ರ್ಯಕ್ಕೆ ಬೇರೊಬ್ಬರ ಬಿಡುವು ತೆರಿಗೆಯಾಗಿ ಸಲ್ಲುತ್ತದೆ. ಆ ತೆರಿಗೆಯನ್ನು ಮನೆಯಲ್ಲಿ ಯಾರು ಎಷ್ಟು ತೆರುತ್ತಾರೆಂದು ಕಾಗದದ ಮೇಲೆ ಬರೆದು ನೋಡಿದರೆ ಹಲವು ಗಂಡಸರಿಗೆ ನಾಚಿಕೆಯಾದೀತು. ಏಳು ವಾರಗಳಲ್ಲಿ ತಂದೆ ತಾನು ಪಡೆಯಬಹುದಾದ ರಜೆಯನ್ನು ಒಟ್ಟಿಗೆ ತೆಗೆದು ಪ್ರವಾಸಕ್ಕೆ ಖರ್ಚುಮಾಡುವುದಕ್ಕಿಂತ ವಾರಕ್ಕೊಂದರಂತೆ ಬಿಡಿಸಿ ತೆಗೆದುಕೊಂಡು, ಆ ದಿನ ಮನೆಯ ಅಡಿಗೆಯನ್ನೂ ಮಗುವಿನ 'ಬೇಜಾರು' ರಾಗವನ್ನೂ ತಾನೇ ವಹಿಸಿಕೊಂಡರೆ, ಅಮ್ಮನಿಗೂ ವಾರಕ್ಕೊಂದು ದಿನ ರಜೆ ಸಿಕ್ಕೀತು. ಒಂದೇ ವಠಾರದ ಮೂರು ನಾಲ್ಕು ಮನೆಯವರು ಹೀಗೆ ದಿನಗಳನ್ನು ಹಂಚಿಕೊಂಡರೆ ಮಕ್ಕಳಿಗೆ ಜೊತೆಯೂ ಆಗುತ್ತದೆ, ಯಾರೊಬ್ಬರ ಬೆನ್ನೂ ಬಾಗುವುದಿಲ್ಲ.

ಆದರೆ ಪಾಳಿಯ ಕೆಲಸದವನಿಗೆ, ಕೂಲಿಯವಳಿಗೆ ಹಂಚಿಕೊಳ್ಳುವುದಕ್ಕೆ ರಜೆಯೇ ಇಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿಯ ಕೆಲಸಗಾರರ ಹಸುಗೂಸುಗಳಿಗಾಗಿ 'ಕೂಸಿನ ಮನೆ' ತೆರೆಯುವ ಯೋಜನೆಯನ್ನು 2023ರಲ್ಲಿ ಸರ್ಕಾರ ಹಾಕಿಕೊಂಡಿತು. ಅದು ತೀರ ಚಿಕ್ಕ ಮಕ್ಕಳ ಮಾತಾಯಿತು. ಒಂದನೆಯ ಎರಡನೆಯ ತರಗತಿಯ ಮಗು ಬೇಸಿಗೆಯಲ್ಲಿ ಎಲ್ಲಿರಬೇಕು? ಪ್ರತಿಯೊಂದು ಬಡಾವಣೆಯಲ್ಲಿಯೂ ಹಳ್ಳಿಯಲ್ಲಿಯೂ ಒಂದು ಅಂಗಳ, ಒಂದೆರಡು ನೆರಳಿನ ಮರ, ಕುಡಿಯುವ ನೀರಿನ ನಲ್ಲಿ, ಶೌಚಾಲಯ ಇವಿಷ್ಟೂ ಇರುವ ಸ್ಥಳವೊಂದು ಸಿದ್ಧವಾಗಿಯೇ ಇದೆ. ಅದೇ ಸರ್ಕಾರಿ ಶಾಲೆ. ಮಕ್ಕಳಿಗೆ ಬಿಡುವು ಇರುವ ಏಳು ವಾರಗಳಲ್ಲಿಯೇ ಅದರ ಗೇಟಿಗೆ ಬೀಗ ಬಿದ್ದಿರುತ್ತದೆ. ಬೀಗ ತೆಗೆಯುವುದು ಅಸಾಧ್ಯವಲ್ಲವೆಂಬುದಕ್ಕೆ ದೃಷ್ಟಾಂತವಿದೆ: 2024ರ ಬರಗಾಲದಲ್ಲಿ ಬೇಸಿಗೆಯ ರಜೆಯಲ್ಲಿಯೂ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ಬಡಿಸುವ ವ್ಯವಸ್ಥೆಯಾಗಿತ್ತು. ಊಟಕ್ಕಾಗಿ ತೆರೆದ ಗೇಟನ್ನು ಆಟಕ್ಕಾಗಿಯೂ ತೆರೆಯಬಹುದು. ಶಿಕ್ಷಕರ ರಜೆಯನ್ನು ಕಸಿದುಕೊಳ್ಳದೆ, ಪಾಠದ ಹೆಸರೆತ್ತದೆ, ಬೆಳಗ್ಗೆ ಎರಡು ಗಂಟೆ ಸಂಜೆ ಎರಡು ಗಂಟೆ ಅಂಗಳವನ್ನು ತೆರೆದಿಟ್ಟು, ನೋಡಿಕೊಳ್ಳುವುದಕ್ಕೆ ಊರಿನ ಇಬ್ಬರು ನಿವೃತ್ತರನ್ನೋ ಗೌರವಧನ ಪಡೆಯುವ ಯುವತಿಯರನ್ನೋ ಕೂರಿಸಿದರೆ ಸಾಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಬಹುಪಾಲು ಸದಸ್ಯರು ಪೋಷಕರೇ ಆಗಿರುವುದರಿಂದ, ಮಾರ್ಚ್ ತಿಂಗಳ ಸಭೆಯಲ್ಲಿ ಈ ವಿಷಯವನ್ನು ಎತ್ತಿ, ಬೀಗದ ಕೈ ರಜೆಯಲ್ಲಿ ಯಾರ ಬಳಿ ಇರತಕ್ಕದ್ದೆಂದು ನಿರ್ಣಯ ಬರೆಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಕಾಣದು.